ವಸ್ತಿ ಬಸ್ಸಿನ ಬುತ್ತಿ

ಸರಕು ಸಾಗಣೆಗೆ ಕೊಪ್ಪಳ ಎಷ್ಟು ಅನುಕೂಲದ ಜಾಗ ಎಂಬುದನ್ನು ನನ್ನಷ್ಟು ಚೆನ್ನಾಗಿ ಹೇಳಬಲ್ಲವರು ಇಲ್ಲಿ ಕಡಿಮೆ. ಹೇಳಿ ಕಪ್ ಗೆದ್ದಿದ್ದೇನೆ. ಕೊಪ್ಪಳಕ್ಕೆ ಸರಕು ವಿತರಣಾ ಕೇಂದ್ರ ಬೇಕೇ ಎಂಬ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ‘ಪರ’. ಪರ ಅಂದರೆ ಪರ, ಅದರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹುಬ್ಬಳ್ಳಿ ಒಂದು ಕಡೆ, ಬಳ್ಳಾರಿ ಇನ್ನೊಂದು ಕಡೆ, ನಡುವೆ ನಾವು. ಕುಷ್ಟಗಿಯ ಮೇಲೆ ಹಾದು ಹೋಗುವ ನಾಲ್ಕು ಪಥದ ಹೆದ್ದಾರಿ. ಗಿಣಿಗೇರಾದ ಕಾರ್ಖಾನೆಗಳ ಮಗ್ಗುಲಲ್ಲೇ ರೈಲು. ಗಂಗಾವತಿಯ ಅಕ್ಕಿ ಇವತ್ತು ಲಾರಿ ಹತ್ತಿದರೆ ನಾಳೆ ಯಾವ ದೊಡ್ಡ ಶಹರದಲ್ಲಾದರೂ ಇಳಿದೀತು. ಇಲ್ಲೊಂದು ವಿತರಣಾ ಕೇಂದ್ರ ಬರಲಿ, ಕೊಪ್ಪಳ, ಕುಷ್ಟಗಿ, ಗಿಣಿಗೇರಾ, ಗಂಗಾವತಿ ನಾಲ್ಕೂ ಕೂಡಿ ಒಂದು ಮಹಾನಗರವೇ ಆಗದಿದ್ದರೆ ಕೇಳಿ ಅಂದೆ. ‘ನಿಲ್ಲದೆ ಓಡುವುದೇ ಮುನ್ನಡೆ’ ಎಂದು ಮುಗಿಸಿದೆ. ಅತಿಥಿಯಾಗಿ ಬಂದಿದ್ದ ಬಸ್ ಡಿಪೋದ ಸಾಹೇಬರು ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ಚಪ್ಪಾಳೆ ತಟ್ಟಿದರು.

ಅದೇ ತಿಂಗಳು ನಮ್ಮೂರಿನ ವಸ್ತಿ ಬಸ್ ನಿಂತುಹೋಯಿತು.

ನಮ್ಮೂರು ಯಲಬುರ್ಗಾ ತಾಲ್ಲೂಕಿನದು, ದೊಡ್ಡ ರಸ್ತೆಯಿಂದ ಒಳಗೆ. ಸಂಜೆ ಕೊಪ್ಪಳದಿಂದ ಬಂದ ಬಸ್ ರಾತ್ರಿ ಊರಲ್ಲೇ ವಸ್ತಿ ಮಾಡಿ ಬೆಳಿಗ್ಗೆ ವಾಪಸು ಹೊರಡುತ್ತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಕನ್ನಡ ಸಾಲಿಯ ಪಡಸಾಲೆಯಲ್ಲಿ ಮಲಗುತ್ತಿದ್ದರು. ಅವರ ಊಟ ಸರದಿಯ ಮೇಲೆ ಒಂದೊಂದು ಮನೆಯಿಂದ. ಬೆಳಿಗ್ಗೆ ಆ ಬಸ್ಸಿನ ಎಂಜಿನ್ ಪಕ್ಕದಲ್ಲಿ ಹದಿನಾಲ್ಕು ಬುತ್ತಿ ಡಬ್ಬಿ ಏರುತ್ತಿದ್ದವು, ಕೊಪ್ಪಳದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ನಮ್ಮೂರ ಮಕ್ಕಳಿಗಾಗಿ. ಡಬ್ಬಿಯ ಮೇಲೆ ಹೆಸರು ಇರುತ್ತಿರಲಿಲ್ಲ, ಕಟ್ಟಿದ ಬಟ್ಟೆಯೇ ಗುರುತು. ನಮ್ಮದು ಅಪ್ಪನ ಹಳೆಯ ನೀಲಿ ಚೌಕಳಿ ಟವೆಲ್ಲು. ಒಂದು ದಿನವೂ ಒಬ್ಬರ ರೊಟ್ಟಿ ಇನ್ನೊಬ್ಬರ ಪಾಲಾಗಲಿಲ್ಲ. ಕಂಡಕ್ಟರ್ ಇದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನಿನ್ನೆ ಉಂಡ ಮನೆಯ ಡಬ್ಬಿಯನ್ನು ಇವತ್ತು ಒಲ್ಲೆ ಅನ್ನಲು ಯಾರಿಗೆ ಬಾಯಿ ಬಂದೀತು?

ಆ ಬಸ್ಸನ್ನು ಹೊಗಳಿ ಕಣ್ಣೀರು ಹಾಕುವವಳು ನಾನಲ್ಲ. ಸೀಟು ಹರಿದಿದ್ದವು, ಕಿಟಕಿ ಮುಚ್ಚುತ್ತಿರಲಿಲ್ಲ, ಮಳೆ ಬಂದರೆ ಒಳಗೂ ಕೊಡೆ ಬೇಕಿತ್ತು. ಆದರೆ ನನ್ನ ತಂಗಿ ಕೊಪ್ಪಳದಲ್ಲಿ ಓದುತ್ತಿದ್ದದ್ದು ಆ ಬಸ್ಸಿನ ಮೇಲೆ. ಪಿಯುಸಿ ಎರಡನೇ ವರ್ಷ, ವಿಜ್ಞಾನ. ಹೋದ ವರ್ಷ ಅವಳಿಗೆ ಕಾಮಣಿ ಆಗಿ ಕಣ್ಣೆಲ್ಲ ಹಳದಿಯಾಗಿತ್ತು. ಹೊರಗಿನ ಊಟ ಮುಟ್ಟಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ನಾವಿಬ್ಬರೂ ಹಿಡಿದ ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ, ಮಾಲಕರ ಷರತ್ತು. ಹಾಸ್ಟೆಲಿನಲ್ಲಿ ಸೀಟಿಲ್ಲ. ಹೀಗಾಗಿ ಅವ್ವನ ಡಬ್ಬಿ ಬಂದರೆ ತಂಗಿ ಕಾಲೇಜಿಗೆ, ಬರದಿದ್ದರೆ ಊರಿಗೆ. ಬಸ್ ನಿಂತ ವಾರವೇ ಅಪ್ಪ ಫೋನ್ ಮಾಡಿ, ಅಮಾಸಿತನಕ ನೋಡುತ್ತೇನೆ, ಆಮೇಲೆ ಬಂದು ಅವಳ ಹಾಸಿಗೆ ಕಟ್ಟಿಕೊಂಡು ಬರುತ್ತೇನೆ ಅಂದ. ಅಪ್ಪನ ಮೇಲೆ ಸಿಟ್ಟು ಮಾಡಲು ನನ್ನ ಹತ್ತಿರ ಕಾರಣವಿರಲಿಲ್ಲ. ಕಾಮಣಿಯಲ್ಲಿ ಅವಳನ್ನು ಹೊತ್ತು ತಿರುಗಿದವನು ಅವನೇ.

ಅರ್ಜಿ ಬರೆದುಕೊಂಡು ಡಿಪೋಕ್ಕೆ ಹೋದೆ. ಸಾಹೇಬರು ಗುರುತು ಹಿಡಿದು ಕೂರಿಸಿ ಚಹಾ ತರಿಸಿದರು. ನಮ್ಮ ಬಸ್ಸನ್ನು ಕುಷ್ಟಗಿ–ಕೊಪ್ಪಳ ತಡೆರಹಿತಕ್ಕೆ ಹಾಕಿದ್ದಾರಂತೆ. ನಮ್ಮೂರಿನಿಂದ ಬೆಳಿಗ್ಗೆ ಏರುವವರು ಮೂರು ಮತ್ತೊಂದು ಮಂದಿ, ಅಷ್ಟಕ್ಕೆ ಒಂದು ಬಸ್ ರಾತ್ರಿಯಿಡೀ ನಿಲ್ಲಿಸುವುದು ಯಾವ ನ್ಯಾಯ ಎಂದು ಕೇಳಿದರು. ದಿನಾ ಹದಿನಾಲ್ಕು ಡಬ್ಬಿ ಏರುತ್ತವೆ ಸರ್ ಅಂದೆ.

‘ಡಬ್ಬಿಗೆ ಟಿಕೆಟ್ ಐತೇನವ್ವಾ? ಟಿಕೆಟ್ ಇಲ್ಲಂದ್ರ ನಮ್ಮ ಲೆಕ್ಕದಾಗ ಅದು ಏರಿಲ್ಲ.’

ಹಾಗಾದರೆ ತಡೆರಹಿತ ಬಸ್ಸು ಪಕ್ಕದ ಹೋಬಳಿ ಊರಲ್ಲಿ ಹೇಗೂ ಒಮ್ಮೆ ನಿಲ್ಲುತ್ತದಲ್ಲ, ಡಬ್ಬಿಗಳನ್ನು ಅಲ್ಲಿಗೇ ತಂದುಕೊಡುತ್ತಾರೆ, ಕಂಡಕ್ಟರಿಗೆ ಹೇಳಿ ಅಂದೆ. ವಾರಸುದಾರರಿಲ್ಲದ ಸಾಮಾನು ಒಯ್ಯುವಂತಿಲ್ಲ, ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ ಎಂದರು. ನಾನು ಮತ್ತೆ ಬಾಯಿ ತೆರೆದೆ. ಅವರು ನಕ್ಕರು.

‘ನಿಲ್ಲದ ಓಡೂದ ಮುನ್ನಡಿ ಅಂತ ಅವತ್ತ ನೀನ ಹೇಳಿದ್ದಿ. ನಾ ಅಂತೂ ಭಾಳ ಮೆಚ್ಚಿದ್ದೆ.’

ಎದುರಾಳಿಯ ಮಾತನ್ನೇ ಹಿಡಿದು ಅವನಿಗೆ ತಿರುಗಿಸುವುದು ನನ್ನ ಕಸುಬು. ಅವತ್ತು ಅದನ್ನು ನನ್ನ ಮೇಲೇ ಮಾಡಿದರು, ಅದೂ ಚಹಾ ಕುಡಿಸಿ. ಅದು ಚೀಟಿಯಲ್ಲಿ ಬಂದ ಪಕ್ಷ ಸರ್, ನನ್ನ ಅಭಿಪ್ರಾಯವಲ್ಲ ಅನ್ನಬಹುದಿತ್ತು. ಅಂದಿದ್ದರೆ ಅಭಿಪ್ರಾಯವೇ ಇಲ್ಲದೆ ಅಷ್ಟು ಗಂಟಲು ಹರಿದುಕೊಂಡೆಯಾ ಎಂದು ಕೇಳುತ್ತಿದ್ದರು. ಅರ್ಜಿಯನ್ನು ಮೇಜಿನ ಮೇಲಿಟ್ಟು ಎದ್ದೆ.

ಆದರೆ ‘ಯಾವ ನ್ಯಾಯ’ ಎಂಬ ಅವರ ಪ್ರಶ್ನೆಗೆ ನನ್ನಲ್ಲೊಂದು ಪ್ರತಿಪ್ರಶ್ನೆ ಇತ್ತು, ಕೋಣೆಗೆ ಮರಳುವ ದಾರಿಯುದ್ದಕ್ಕೂ ಅದೇ ಕುದಿಯಿತು. ಕಬ್ಬಿಣದ ಅದಿರು ಯಾರ ಮನೆಯ ಬಾಗಿಲಲ್ಲೂ ಮಲಗದೆ ಹೋಗಬಲ್ಲದು, ಅಕ್ಕಿ ಚೀಲವೂ ಹೋಗಬಲ್ಲದು. ಮೈಲಿಗಟ್ಟಲೆ ಲಾರಿಗಳು ನಮ್ಮ ಹೊಲಗಳ ಪಕ್ಕ ಹಾದು ಹೋಗುತ್ತವೆ, ಅವುಗಳ ಧೂಳು ಮಾತ್ರ ನಮ್ಮಲ್ಲಿ ಇಳಿಯುತ್ತದೆ. ಒಂದು ಡಬ್ಬಿ ರೊಟ್ಟಿ ತಲುಪಬೇಕಾದರೆ ಮಾತ್ರ ಯಾರೋ ಒಬ್ಬರು ಊರಲ್ಲಿ ಉಳಿದು, ಉಂಡು, ಎದ್ದು ಹೊರಡಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದ ವಿತರಣಾ ಕೇಂದ್ರ ಯಾರಿಗೆ ಏನನ್ನು ವಿತರಿಸುತ್ತದೆ? ವೇದಿಕೆಯ ಮೇಲೆ ನನ್ನ ಎದುರಾಳಿ ಇದನ್ನು ಕೇಳಿದ್ದರೆ ಕಪ್ ಅವನ ಮನೆಯಲ್ಲಿರುತ್ತಿತ್ತು.

ಆ ದಿನಗಳಲ್ಲಿ ತಂಗಿ ಬಾಳೆಹಣ್ಣು, ಚುರುಮುರಿ, ಪ್ಯಾಕೆಟ್ ಮಜ್ಜಿಗೆಯ ಮೇಲೆ ಇದ್ದಳು. ನನಗೇನೂ ಆಗಿಲ್ಲ ಎಂದು ತೋರಿಸಲು ಕನ್ನಡಿಯ ಮುಂದೆ ನಿಂತು ಕಣ್ಣಿನ ಬಿಳಿ ನೋಡಿಕೊಳ್ಳುತ್ತಿದ್ದಳು.

ಅಮಾಸಿಯ ಹಿಂದಿನ ದಿನ ಅವ್ವನ ಫೋನು. ನೀಲಿ ಟವೆಲ್ಲಿನ ಡಬ್ಬಿ ಬರುತ್ತದೆ, ಬಸ್ ನಿಲ್ದಾಣಕ್ಕೆ ಬಾ ಅಂದಳು. ಹೇಗೆ ಎಂದು ಹೇಳಲಿಲ್ಲ. ಮರುದಿನ ತಂಗಿಯ ಜೊತೆ ಹೋದರೆ ಕುಷ್ಟಗಿಯ ತಡೆರಹಿತ ಬಸ್ಸಿನಿಂದ ಅವ್ವನೇ ಇಳಿದಳು, ತಲೆಯ ಮೇಲೆ ಒಂದು ಬುಟ್ಟಿ, ಎರಡೂ ಕೈಯಲ್ಲಿ ಎರಡು ಚೀಲ. ಹದಿನಾಲ್ಕೂ ಡಬ್ಬಿ. ವಾರಸುದಾರರು ಬೇಕು ಅಂದರಲ್ಲ, ಇದ್ದಾಳೆ. ಟಿಕೆಟ್ ಬೇಕು ಅಂದರಲ್ಲ, ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು. ನನ್ನ ಅರ್ಜಿಯ ಕತೆ ಕೇಳಿದ ಊರ ಹದಿನಾಲ್ಕು ತಾಯಂದಿರು ಕೂಡಿ ಸರದಿ ಹಚ್ಚಿದ್ದರಂತೆ. ದಿನಕ್ಕೊಬ್ಬಳು ನಸುಕಿನಲ್ಲಿ ಹೋಬಳಿ ಊರಿನತನಕ ನಡೆದು, ಬಸ್ ಹತ್ತಿ, ಇಲ್ಲಿ ಡಬ್ಬಿ ಹಂಚಿ, ನಿನ್ನೆಯ ಖಾಲಿ ಡಬ್ಬಿ ಹೊತ್ತು ವಾಪಸು. ಡ್ರೈವರಿಗೆ ಊಟ ಹಾಕುತ್ತಿದ್ದ ಅದೇ ಸರದಿ, ಈಗ ಒಬ್ಬೊಬ್ಬರ ಒಂದು ದಿನದ ಕಳೆ ತೆಗೆಯುವ ಕೆಲಸವನ್ನು ನುಂಗುತ್ತಿತ್ತು.

ತಂಗಿ ಅಲ್ಲೇ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿದಳು. ಅಪ್ಪ ಹಾಸಿಗೆ ಕಟ್ಟಲು ಬರಲಿಲ್ಲ. ಪರೀಕ್ಷೆ ಮುಗಿಯೋತನ ಇರಲಿ ಅಂದನಂತೆ.

ಕೆಲವರು ಇದನ್ನು ಹೆಂಗಸರ ಜಾಣತನ ಎಂದು ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಒಂದು ಬಸ್ಸು ಮಾಡುತ್ತಿದ್ದ ಕೆಲಸವನ್ನು ಹದಿನಾಲ್ಕು ಹೆಂಗಸರ ತಲೆಯ ಮೇಲೆ ಹೊರಿಸಿ ಅದಕ್ಕೆ ಜಾಣತನ ಅನ್ನುವುದು ಎಂಥ ಸೌಕರ್ಯ! ನಾನು ದಿನದಿನದ ಶೂನ್ಯ ಟಿಕೆಟ್ಟುಗಳನ್ನು ಕೂಡಿಸಿ ಹಾಳೆಗೆ ಅಂಟಿಸಿ ಡಿಪೋಕ್ಕೆ ಎರಡನೇ ಅರ್ಜಿ ಕೊಟ್ಟೆ: ಈಗ ಲೆಕ್ಕದಲ್ಲಿ ಏರಿದ್ದಾರೆ ನೋಡಿ ಎಂದು. ಬಂದ ಉತ್ತರ ಎರಡು ಸಾಲಿನದು. ಸದರಿ ನಿಲ್ದಾಣದಿಂದ ಮಹಿಳಾ ಪ್ರಯಾಣಿಕರು ಹೆಚ್ಚಿರುವುದು ತಡೆರಹಿತ ಸೇವೆಯ ಯಶಸ್ಸನ್ನು ತೋರಿಸುತ್ತದೆ, ಆದ್ದರಿಂದ ವಸ್ತಿ ಬಸ್ಸಿನ ಅಗತ್ಯ ಕಂಡುಬರುವುದಿಲ್ಲ.

ಮತ್ತೆ ಅವ್ವನ ಸರದಿ ಬಂದಾಗ ನಿಲ್ದಾಣದಲ್ಲೇ ಅದನ್ನು ಓದಿ ಹೇಳಿದೆ. ಸಿಟ್ಟಿನಲ್ಲಿ ಎರಡು ಸಲ ಓದಿದೆ. ಮೂರನೇ ಅರ್ಜಿ ಬರೆಯುತ್ತೇನೆ, ಬಿಡುವುದಿಲ್ಲ ಅಂದೆ. ಅವ್ವ ಬುಟ್ಟಿಯೊಳಗೆ ಖಾಲಿ ಡಬ್ಬಿ ಎಣಿಸುತ್ತಿದ್ದಳು.

‘ಬರಿ. ಬಿಡಬ್ಯಾಡ. ಆದ್ರ ನಿನ್ನಿ ಡಬ್ಬಿ ತಂದಿಯಿಲ್ಲ? ಹದಿಮೂರ ಅದಾವ.’

ತಂದಿರಲಿಲ್ಲ. ಅರ್ಜಿಯ ಭರದಲ್ಲಿ ಕೋಣೆಯಲ್ಲೇ ಮರೆತಿದ್ದೆ. ಬಸ್ಸು ಹೊರಡುವುದರಲ್ಲಿತ್ತು, ಅದು ಯಾರಿಗಾಗಿಯೂ ನಿಲ್ಲುವುದಿಲ್ಲ. ಅವ್ವ ಹದಿಮೂರು ಡಬ್ಬಿ ಹೊತ್ತು ಹತ್ತಿದಳು. ನಾನು ಉತ್ತರದ ಕಾಗದ ಹಿಡಿದು ಅಲ್ಲೇ ನಿಂತಿದ್ದೆ.