ತಾನಾಗಿಯೇ ಸೋರುವುದು ನಿಲ್ಲಿಸಿದ ಕಾರ್ಬುರೇಟರ್

ಕೊರೋನಾ ಮುಗಿದ ಮೇಲಿನ ಎರಡನೇ ಬೇಸಿಗೆ. ಚೆನ್ನೈನ ಅಡ್ಯಾರಿನ ಹಿಂದಿನ ಬೀದಿಯಲ್ಲಿ ನನ್ನ ಗ್ಯಾರೇಜು ಶುರುವಾಗಿ ಇಪ್ಪತ್ತು ವರ್ಷ ದಾಟಿತ್ತು. ಅದಕ್ಕೂ ಮುಂಚೆ ನುಂಗಂಬಾಕ್ಕಂನ ಒಂದು ಹೋಟೆಲಿನಲ್ಲಿ ಮೂರು ವರ್ಷ ಇಡ್ಲಿ ಬೇಯಿಸಿದವನು ನಾನು. ಅಲ್ಲಿನ ಗ್ರೈಂಡರ್ ಕೆಟ್ಟಾಗಲೆಲ್ಲ ಬಿಚ್ಚಿ ನೋಡಿ ಕಲಿತದ್ದೇ ನನ್ನ ಮೆಕ್ಯಾನಿಕ್ ಕಾಲೇಜು.

ಒಂದು ಗುರುವಾರ ಭಟ್ಟರು ಟೆಂಪೋದಲ್ಲಿ ಒಂದು ಹಳೇ ಎಟಿವಿ ಹೇರಿಕೊಂಡು ಬಂದರು. ಎಟಿವಿ ಅಂದರೆ ಮರಳಲ್ಲೂ ಓಡುವ, ದಪ್ಪ ಚಕ್ರದ ನಾಲ್ಕು ಗಾಲಿ ಬೈಕು. ಭಟ್ಟರು ನಮ್ಮ ಕುಂದಾಪುರ ಕಡೆಯವರೇ. ಊರಾಚೆಯ ಕಡಲತೀರದ ಒಂದು ರೆಸಾರ್ಟಿನಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. ಅಡುಗೆಮನೆ ರಸ್ತೆ ಬದಿಗೆ, ಊಟದ ಚಪ್ಪರ ಸಮುದ್ರದ ಬದಿಗೆ. ನಡುವಿನ ಮರಳಿನಲ್ಲಿ ವ್ಯಾನ್ ಹೂತುಹೋಗುತ್ತದೆ. ಹಾಗಾಗಿ ಪಾತ್ರೆಗಳ ಟ್ರಾಲಿ ಎಳೆಯುವುದಕ್ಕೆ ಈ ಎಟಿವಿ.

"ಕಾರ್ಬುರೇಟರ್ ಸೋರ್ತದೆ ಮಾರಾಯ್ರೆ. ಒಂದು ನಟ್ ಟೈಟ್ ಮಾಡಿದ್ರೆ ಸಾಕಲ್ದಾ?"

ಗಿರಾಕಿಯೇ ರೋಗ ಹೇಳಿ, ಔಷಧಿಯನ್ನೂ ಹೇಳಿ, ಆಮೇಲೆ ರೇಟನ್ನೂ ತಾನೇ ಹೇಳುವ ಈ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತದೆ. ಬಿಚ್ಚಿ ತೋರಿಸಿದೆ. ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್. ಬಟ್ಟಲು ತುಂಬಿದಾಗ ಫ್ಲೋಟ್ ಮೇಲೆದ್ದು ಒಂದು ಸಣ್ಣ ನೀಡಲನ್ನು ಒತ್ತಿ ಪೆಟ್ರೋಲ್ ಬಂದ್ ಮಾಡುತ್ತದೆ. ನಿಮ್ಮ ಮನೆಯ ನೀರಿನ ತೊಟ್ಟಿಯ ವಾಲ್ವಿನ ಹಾಗೇ. ಈ ಗಾಡಿಯ ನೀಡಲ್ ತುದಿ ಸವೆದು ಗೀರು ಬಿದ್ದಿತ್ತು. ಬಟ್ಟಲು ತುಂಬಿದ ಮೇಲೂ ಬರುತ್ತಿದ್ದ ಪೆಟ್ರೋಲ್ ಓವರ್‌ಫ್ಲೋ ಪೈಪಿನಲ್ಲಿ ಹೊರಗೆ ತೊಟ್ಟಿಕ್ಕುತ್ತಿತ್ತು.

"ಹೊಸ ನೀಡಲ್ ಹುಡುಕಬೇಕು. ಗಾಡಿ ಇಲ್ಲೇ ಬಿಡಿ."

"ಬಿಡೋದಾ? ಭಾನುವಾರ ಬೆಳಿಗ್ಗೆ ಬೀಚಲ್ಲಿ ಮದುವೆ, ಮುನ್ನೂರು ಜನರ ತಿಂಡಿ. ಇನ್ನೊಂದು ಸಲ ತಡವಾದ್ರೆ ಕ್ಯಾಂಟೀನ್ ಬೇರೆಯವರಿಗೆ ಅಂತ ಮ್ಯಾನೇಜರ್ ಹೇಳಿಯಾಗಿದೆ. ಅಲ್ಲಿವರೆಗೂ ದಿನಾ ಊಟ ಸಾಗಿಸ್ಬೇಕು. ಸೋರಿದ್ರೆ ಅರ್ಧ ಲೀಟರ್ ಹೋಗ್ತದೆ, ಕಾಂಟ್ರಾಕ್ಟ್ ಹೋಗೋದಿಲ್ಲ!"

ಆ ಲೆಕ್ಕ ಒಪ್ಪಲೇಬೇಕಾಯಿತು. "ನಿಲ್ಲಿಸಿದಾಗಲೆಲ್ಲ ಪೆಟ್ರೋಲ್ ನಾಬ್ ಬಂದ್ ಮಾಡಿ, ಒಲೆ ಹತ್ತಿರ ತರಬೇಡಿ" ಎಂದು ಎರಡೆರಡು ಸಲ ಹೇಳಿ ಕಳಿಸಿದೆ. ಶುಕ್ರವಾರ ಇಡೀ ದಿನ ಪುದುಪೇಟೆಯ ಬಿಡಿಭಾಗದ ಅಂಗಡಿಗಳನ್ನು ಅಲೆದು, ಒಬ್ಬ ಅಂಗಡಿಯವನ ಜೊತೆ ಎರಡು ಸಲ ಮುನಿಸಿಕೊಂಡು ಎದ್ದು ಹೋಗಿ, ಮೂರನೇ ಸಲಕ್ಕೆ ನೀಡಲನ್ನು ನನ್ನ ರೇಟಿಗೆ ಇಳಿಸಿದೆ.

ಶನಿವಾರ ಬೆಳಿಗ್ಗೆ ರೆಸಾರ್ಟಿಗೆ ಹೋದರೆ ಭಟ್ಟರು ನಗುತ್ತಾ ಎದುರು ಬಂದರು. "ಹ್ವಾಯ್, ನಿಮ್ಮ ನೀಡಲ್ ಬೇಡ ಕಾಣಿ. ನಿನ್ನೆಯಿಂದ ತಾನಾಗಿಯೇ ನಿಂತಿದೆ!"

ಯಂತ್ರ ತಾನಾಗಿಯೇ ಕೆಡುತ್ತದೆ. ತಾನಾಗಿಯೇ ಸರಿಯಾದದ್ದನ್ನು ನಾನಂತೂ ಕಂಡಿಲ್ಲ. ಅಡುಗೆಮನೆ ಪಕ್ಕ ನಿಲ್ಲಿಸಿದ್ದ ಗಾಡಿಯ ಸೆಲ್ಫ್ ಒತ್ತಿದೆ. ಟಕ್ ಎಂದಿತು, ಎಂಜಿನ್ ತಿರುಗಲಿಲ್ಲ. ಎಂಜಿನ್ ಆಯಿಲಿನ ಅಳತೆ ಕಡ್ಡಿ ಎಳೆದು ನೋಡಿದೆ. ಆಯಿಲು ಗೆರೆಗಿಂತ ಎಷ್ಟೋ ಮೇಲೆ, ನೀರಿನಂತೆ ತೆಳ್ಳಗೆ, ಗಮ್ಮೆಂದು ಪೆಟ್ರೋಲ್ ವಾಸನೆ. ಬಗ್ಗಿ ಓವರ್‌ಫ್ಲೋ ಪೈಪು ನೋಡಿದರೆ ಅದರ ಬಾಯಿಗೆ ಗಟ್ಟಿಯಾದ ಬಿಳಿ ಬಿರಡೆ. ಉಗುರಲ್ಲಿ ಕೆರೆದೆ. ಬೇರೆ ಮೆಕ್ಯಾನಿಕ್ ಆಗಿದ್ದರೆ ಏನೋ ಅಂಟು ಎನ್ನುತ್ತಿದ್ದ. ನನಗೆ ಬೆರಳಿಗೇ ಗೊತ್ತಾಯಿತು. ಇಡ್ಲಿ ಸ್ಟೀಮರಿನ ಮುಚ್ಚಳದ ಸಂದಿಯಲ್ಲಿ ಆವಿ ಹೋಗದಂತೆ ಮೂರು ವರ್ಷ ನಾನೇ ಮೆತ್ತಿದ ವಸ್ತು ಅದು.

ಬಾಗಿಲಲ್ಲಿ ಅಡುಗೆಯ ರಾಘು ನಿಂತಿದ್ದ. ಭಟ್ಟರ ಬಾವಮೈದುನ, ಗಾಡಿ ಓಡಿಸುವವನೂ ಅವನೇ.

"ರಾಘು, ಇದಕ್ಕೆ ಎಂತ ಹಾಕಿದ್ದೆ?"

"ಎಂಥದೂ ಹಾಕ್ಲಿಲ್ಲ ಸುರೇಶಣ್ಣ."

"ಚಪಾತಿ ಹಿಟ್ಟಾ, ಪರೋಟ ಹಿಟ್ಟಾ?"

ಅವನು ಭಟ್ಟರ ಮುಖ ನೋಡಿದ. "ಪರೋಟದ್ದು. ಚಪಾತಿದು ನಿಲ್ಲೋದಿಲ್ಲ."

ಅದನ್ನೂ ಹೆಮ್ಮೆಯಿಂದಲೇ ಹೇಳಿದ! ಹಿಂದಿನ ದಿನ ಸಾಂಬಾರಿಗೆ ಪೆಟ್ರೋಲ್ ವಾಸನೆ ಬರುತ್ತದೆಂದು ಮ್ಯಾನೇಜರ್ ಕೂಗಾಡಿದ್ದನಂತೆ. ಇವನು ಹಿಟ್ಟು ಮೆತ್ತಿದ, ಸೋರುವುದು ನಿಂತಿತು, ಸೋರದ ಗಾಡಿಗೆ ನಾಬ್ ಯಾಕೆ ಬಂದ್ ಮಾಡಬೇಕೆಂದು ತೆರೆದೇ ಬಿಟ್ಟ. ಹೊರದಾರಿ ಮುಚ್ಚಿದ ಪೆಟ್ರೋಲ್ ರಾತ್ರಿಯಿಡೀ ಎಂಜಿನ್ನಿನೊಳಗೆ ಇಳಿದು, ಪಿಸ್ಟನ್ ಅಲುಗದಂತೆ ತುಂಬಿ, ಆಯಿಲಿಗೂ ಸೇರಿತ್ತು.

"ಪೈಪು ಸೋರಿದ್ದು ಕಾಯಿಲೆಯಲ್ಲ ಮಾರಾಯ, ಒಳಗೆ ಕಾಯಿಲೆ ಇದೆ ಅಂತ ಕೂಗಿ ಹೇಳಿದ್ದು. ನೀನು ಅದರ ಬಾಯಿಗೆ ಪರೋಟ ತುರುಕಿದೆ! ಹೇಗೋ ಸ್ಟಾರ್ಟ್ ಮಾಡಿ ಈ ಆಯಿಲಿನಲ್ಲಿ ನಾಳೆ ಟ್ರಾಲಿ ಎಳೆದಿದ್ದರೆ ಎಂಜಿನ್ ದಾರಿಯಲ್ಲೇ ಕಚ್ಚಿಕೊಳ್ಳುತ್ತಿತ್ತು."

ಭಟ್ಟರ ನಗು ಇಳಿಯಿತು. "ನಾಳೆಗೆ ಆಗ್ತದಾ ಸುರೇಶ?"

ಮೊದಲು ಗಾಡಿಯನ್ನು ಒಲೆಯಿಂದ ದೂರ, ಬಯಲಿಗೆ ತಳ್ಳಿಸಿದೆ. ಸ್ಪಾರ್ಕ್ ಪ್ಲಗ್ ತೆಗೆದು, ಅದರ ವೈರನ್ನು ದೂರ ಕಟ್ಟಿ ಸೆಲ್ಫ್ ಒತ್ತಿದಾಗ ಒಳಗಿನ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಿತು. ಪೈಪಿನ ಹಿಟ್ಟು ಬಿಡಿಸಿ, ಬಟ್ಟಲು ತೊಳೆದು, ಹೊಸ ನೀಡಲ್ ಕೂರಿಸಿದೆ. ಆಯಿಲ್ ಬದಲಿಸಿ ಹತ್ತು ನಿಮಿಷ ಓಡಿಸಿ, ಒಳಗುಳಿದ ಪೆಟ್ರೋಲ್ ಪೂರ್ತಿ ಹೋಗಲೆಂದು ಅದನ್ನೂ ಚೆಲ್ಲಿ ಮತ್ತೆ ಹೊಸದು ಸುರಿಯಲು ಹೊರಟೆ.

"ಈಗ ತಾನೇ ಹಾಕಿದ್ದು! ಹೊಸ ಎಣ್ಣೆ ಚೆಲ್ಲೋದಾ?"

"ಭಟ್ರೆ, ವಡೆ ಕರಿದ ಎಣ್ಣೆಯನ್ನು ಎಷ್ಟು ದಿನ ಇಡ್ತೀರಿ ಅಂತ ನಾನು ಕೇಳಿದ್ದೇನಾ?"

ಹೊಸ ಆಯಿಲ್ ಸುರಿದೆ. ಬೇಕೆಂದೇ ನಾಬ್ ತೆರೆದಿಟ್ಟು, ಪೈಪಿನ ಕೆಳಗೆ ಹಳೇ ಪೇಪರ್ ಹಾಸಿ, ಸಂಜೆವರೆಗೆ ಕಾದು ಕುಳಿತೆ. ಪೇಪರ್ ಒಣಗಿಯೇ ಇತ್ತು. ಭಾನುವಾರ ಮುನ್ನೂರು ಜನರ ಇಡ್ಲಿ ಬಿಸಿ ಆರುವ ಮೊದಲೇ ಚಪ್ಪರ ಸೇರಿತು; ಕ್ಯಾಂಟೀನ್ ಭಟ್ಟರ ಕೈಯಲ್ಲೇ ಉಳಿಯಿತು. ಬಿಲ್ಲಿಗೆ ಮಾತ್ರ "ನಮ್ಮವರೇ ಅಲ್ದಾ" ಎಂದು ಎಳೆದಾಡಿದರು. ನಮ್ಮವರೆಂದೇ ಶನಿವಾರ ಪೂರ್ತಿ ಕೂತಿದ್ದು ಎಂದು ಹೇಳಿ ಒಂದು ರೂಪಾಯಿ ಇಳಿಸಲಿಲ್ಲ.

ಅಂದಿನಿಂದ ಯಾವ ಗಾಡಿ ಬಂದರೂ ಸ್ಪ್ಯಾನರ್ ಮುಟ್ಟುವ ಮುಂಚೆ ಕೇಳುತ್ತೇನೆ: "ಬೈಯೋದಿಲ್ಲ. ಎಂತ ಮೆತ್ತಿದ್ದೀರಿ, ಅದನ್ನು ಮೊದಲು ಹೇಳಿ." ಸೋಪು, ನೈಲ್ ಪಾಲಿಶ್, ಬಬಲ್ ಗಮ್, ಎಲ್ಲ ಹೊರಗೆ ಬರುತ್ತದೆ. ನಿಮಗೂ ಅದೇ ಮಾತು: ಪೆಟ್ರೋಲ್ ಸೋರಿದರೆ ನಾಬ್ ತಿರುಗಿಸಿ, ಬೆಂಕಿ ದೂರ ಇಡಿ, ಕೈ ಕಟ್ಟಿಕೊಂಡು ಕೂರಿ. ಮೆಕ್ಯಾನಿಕ್ಕನಿಂದ ಏನನ್ನೂ ಮುಚ್ಚಿಡಬೇಡಿ. ನಿಮ್ಮ ನಾಚಿಕೆಗೂ ನಾವು ಲೇಬರ್ ಚಾರ್ಜ್ ಹಾಕುತ್ತೇವೆ.

ಮೊನ್ನೆ ರಾಘು ಫೋನ್ ಮಾಡಿದ. "ಸುರೇಶಣ್ಣ, ಮತ್ತೆ ಎರಡು ಹನಿ ಬಿದ್ದಿದೆ. ನಾಬ್ ಬಂದ್ ಮಾಡಿ ಗಾಡಿ ಬಯಲಲ್ಲಿ ನಿಲ್ಸಿದ್ದೇನೆ. ಬೇರೆ ಎಂಥದೂ ಮುಟ್ಲಿಲ್ಲ."

ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ಆದರೂ ಹೋದವನು ಮೊದಲು ಪೈಪಿನ ಬಾಯಿಗೆ ಬೆರಳಿಟ್ಟು ನೋಡಿದೆ. ಹಿಟ್ಟಿರಲಿಲ್ಲ.