ಗಾರ್ಡನ ಕಣ್ಣು, ನಮ್ಮ ಸೀರೆ ಗಂಟು

ಬನಹಟ್ಟಿಯ ನಮಗೆ ರೈಲು ಇಂದಿಗೂ ಪರವೂರಿನ ಸಂಗತಿ. ಅವ್ವನ ಮೊಣಕಾಲಿನ ಚಿಕಿತ್ಸೆಗೆಂದು ಆಗಾಗ ಮಿರಜಿಗೆ ಹೋಗುವಾಗ ಬಸ್ಸಿನಲ್ಲಿ ಕುಡಚಿಗೆ ಹೋಗಿ, ಅಲ್ಲಿಂದ ಪ್ಯಾಸೆಂಜರ್ ಹಿಡಿಯುತ್ತಿದ್ದೆವು. ಗಾಡಿ ಅಲ್ಲಿ ನಿಲ್ಲುವುದೇ ಸ್ವಲ್ಪ ಹೊತ್ತು. ಅವ್ವನಿಗೆ ಮೆಟ್ಟಿಲು ಹತ್ತಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅವಳು ಹತ್ತುವಾಗಲೇ ಗಾಡಿ ಹೊರಟುಬಿಟ್ಟರೆ ಎಂಬ ಹೆದರಿಕೆ ನನ್ನನ್ನು ಬಿಟ್ಟಿದ್ದೇ ಇಲ್ಲ.

ಮೊದಲ ಸಲ, ಕೊನೆಯ ಡಬ್ಬಿಯ ಬಾಗಿಲಲ್ಲಿ ಬಿಳಿ ಬಟ್ಟೆ ತೊಟ್ಟು ಸೀಟಿ ಹಿಡಿದು ನಿಂತಿದ್ದ ಗಾರ್ಡನನ್ನು ಅವ್ವ ಬಸ್ಸಿನ ಕಂಡಕ್ಟರನೆಂದೇ ತಿಳಿದಳು. ಈಗ ಅವರಿಗೆ ಬೇರೆ ಹೆಸರಿದೆಯಂತೆ, ನಮ್ಮ ಬಾಯಲ್ಲಿ ಗಾರ್ಡೇ. ನಮ್ಮ ಕಡೆಯ ಮುದುಕಿಯರು ಬಸ್ಸು ಹತ್ತುವ ಮೊದಲು ಕಂಡಕ್ಟರನಿಗೆ ತಾಕೀತು ಮಾಡದೆ ಬಿಡುವುದಿಲ್ಲ. ಅವ್ವನೂ ಮಾಡಿದಳು.

"ಕಂಡಕ್ಟರ್ ಸಾಹೇಬ್ರ, ನಾ ಕುಂದರೂತನಕ ರೈಟ್ ಅನಬ್ಯಾಡ್ರಿ. ಮೊಣಕಾಲು ಹಿಡದಾವ."

ಆತ ಅವಳನ್ನು ಮೇಲಿಂದ ಕೆಳಗೆ ನೋಡಿದ, ಆಮೇಲೆ ನನ್ನ ಹೆಗಲ ಮೇಲಿನ ಗಂಟನ್ನು ನೋಡಿದ. ಅದರಲ್ಲಿ ನಮ್ಮ ಮಗ್ಗದ ಸೀರೆಗಳಿದ್ದವು. ಮಿರಜಿನ ಚಿಕ್ಕಮ್ಮ ಅವನ್ನು ಮನೆಯಲ್ಲೇ ಮಾರುತ್ತಿದ್ದಳು. ಮಾರುವ ಸರಕಾದರೂ ಲಗೇಜು ಅಂತ ಬುಕ್ ಮಾಡಿಸಿರಲಿಲ್ಲ. ಗಂಟನ್ನು ಇನ್ನೊಂದು ಹೆಗಲಿಗೆ ಸರಿಸಿಕೊಂಡೆ.

ಮುಂದಿನ ಸಲವೂ ಅದೇ ಗಾರ್ಡ್, ಅದೇ ನೋಟ. ಗಾಡಿ ಬರುವಾಗಲೇ ಬಾಗಿಲಿಂದ ಬಗ್ಗಿ ನಮ್ಮನ್ನು ಹುಡುಕುತ್ತಿದ್ದ. ಸುಮ್ಮಸುಮ್ಮನೆ ಯಾರೂ ಹೀಗೆ ಕಣ್ಣಿಡುವುದಿಲ್ಲ. ಒಂದು ದಿನ ಗಂಟು ಬಿಚ್ಚಿಸುತ್ತಾನೆ, ದಂಡ ಹಾಕಿಸುತ್ತಾನೆ, ಇಲ್ಲವೆ ಹೆಂಡತಿಗೊಂದು ಸೀರೆ ಕೇಳುತ್ತಾನೆ ಎಂದುಕೊಂಡೆ. ಸರಕಾರಿ ಬಟ್ಟೆ ತೊಟ್ಟವರ ಬಗ್ಗೆ ನನ್ನ ಅಭಿಪ್ರಾಯ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಹಾಗಾಗಿ ಮರುಸಲ ಅವನ ಕಣ್ಣಿಗೆ ಬೀಳದಂತೆ ಅವ್ವನನ್ನು ಇಂಜಿನ್ನಿನ ಹತ್ತಿರದ ಡಬ್ಬಿಗೆ ಕರೆದೊಯ್ದೆ.

"ಲೇ ತಮ್ಮಾ, ಇಷ್ಟ ದೂರ ಯಾಕ ನಡಸಾಕತ್ತಿ?"

"ಮುಂದ ಗದ್ದಲ ಕಡಿಮಿ ಇರತೈತಿ, ನಡಿ ಯವ್ವಾ."

ಗದ್ದಲ ಅಲ್ಲೇ ಹೆಚ್ಚಿತ್ತು. ಅವ್ವ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು, ಇನ್ನೊಂದು ಮೇಲೇಳಲಿಲ್ಲ. ಇಂಜಿನ್ ಕೂಗಿತು. ಗಂಟನ್ನು ಒಳಗೆ ಎಸೆದು ಎರಡೂ ಕೈಯಿಂದ ಅವಳನ್ನು ಎತ್ತಲು ನೋಡಿದೆ, ಆಗಲಿಲ್ಲ. ಆದರೆ ಗಾಡಿಯೂ ಅಲುಗಲಿಲ್ಲ.

"ಹಸಿರು ಸಿಗ್ನಲ್ ಬಿದ್ದೈತಿ, ಗಾಡಿ ಯಾಕ ಬಿಡವಲ್ರು?" ಎಂದು ಬಾಗಿಲಲ್ಲಿದ್ದವನೊಬ್ಬ ಗೊಣಗಿದ.

ತಿರುಗಿ ನೋಡಿದೆ. ಗಾಡಿಯ ಆ ತುದಿಯಲ್ಲಿ ಗಾರ್ಡ್ ಪ್ಲಾಟ್‌ಫಾರ್ಮಿಗಿಳಿದು, ಕೆಂಪು ಬಾವುಟ ಹಿಡಿದು ನಮ್ಮತ್ತಲೇ ನೋಡುತ್ತಿದ್ದ. ಸಿಕ್ಕಿಬಿದ್ದೆವು ಅಂದುಕೊಂಡೆ. ಯಾರೋ ಒಳಗಿನಿಂದ ಅವ್ವನ ಕೈ ಹಿಡಿದು ಎಳೆದುಕೊಂಡರು. ಅವಳ ಹಿಂದೆ ನಾನೂ ಹತ್ತಿದ ಮೇಲೆ ಹಸಿರು ಬಾವುಟ ಎದ್ದಿತು.

ಮಿರಜಿನಲ್ಲಿ ಇಳಿದಾಗ ಆತ ಜನರನ್ನು ಸರಿಸುತ್ತ ನೆಟ್ಟಗೆ ನಮ್ಮ ಕಡೆಗೇ ಬಂದ. ನಾನು ಗಂಟನ್ನು ಕಾಲ ಹಿಂದೆ ತಳ್ಳಿ ಅಡ್ಡ ನಿಂತೆ, ಹೇಳಬೇಕಾದ ಸುಳ್ಳನ್ನೂ ಹೊಂದಿಸಿಕೊಂಡೆ. ಆತ ನನ್ನನ್ನು ದಾಟಿ ಅವ್ವನ ಮುಂದೆ ನಿಂತ.

"ಹಿಂದಿನ ಡಬ್ಬಿಗೇ ಹತ್ತರಿ ಅಜ್ಜಿ. ಅಷ್ಟು ದೂರದಿಂದ ನಿಮ್ಮ ಕಾಲು ಮ್ಯಾಲ ಬಂದದ್ದು ನನಗ ಕಾಣೂದಿಲ್ಲ."

ಅವ್ವ ನನ್ನ ಮುಖ ನೋಡಿದಳು. ನಾನು ಇನ್ನೂ ಗಂಟಿಗೆ ಅಡ್ಡವಾಗಿಯೇ ನಿಂತಿದ್ದೆ.