ಮಾವಶಿಯ ತಲೆಯೊಳಗಿನ ಲಡಾಯಿ

ಹೋದ ತಿಂಗಳು ಒಂದು ದಿನ ಹೊತ್ತು ಮುಳುಗಿದ ಮೇಲೆ ನಮ್ಮ ಮಾವಶಿ ರೊಟ್ಟಿ ಕೇಳಿದಳು. ಅವಳ ಸೊಸೆ ಗಾಬರಿಬಿದ್ದಳು.

ರೊಟ್ಟಿ ಕೇಳಿದರೆ ಗಾಬರಿ ಯಾಕೆ ಅನ್ನುತ್ತೀರಾ? ಮಾವಶಿ, ಅಂದರೆ ನಮ್ಮವ್ವನ ತಂಗಿ, ಸದಲಗಾದ ಜೈನ ಮನೆಯವಳು. ಕತ್ತಲಾದ ಮೇಲೆ ಒಂದು ಅಗುಳನ್ನೂ ಮುಟ್ಟಿದವಳಲ್ಲ. (ಮದುವೆ ಮನೆಯಲ್ಲೂ ಸೂರ್ಯನನ್ನು ನೋಡಿಕೊಂಡೇ ಪಂಕ್ತಿಗೆ ಕೂರುವವಳು.)

ಅವಳಿಗೆ ಜ್ವರವಿತ್ತು. ಕನ್ನಡದಲ್ಲಿ ಮಾತಾಡಿಸಿದರೆ ಮರಾಠಿಯಲ್ಲಿ ಉತ್ತರ, ಅದೂ ಅರ್ಧಂಬರ್ಧ. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಊರು ಸೇರುವುದು ನಮ್ಮ ಗಡಿಯೂರುಗಳಲ್ಲಿ ಮಾಮೂಲು. ಬೇರೆ ಕಡೆಯವರಾಗಿದ್ದರೆ ಆಗಲೇ ಆಸ್ಪತ್ರೆಗೆ ಓಡುತ್ತಿದ್ದರು.

"ಅತ್ತಿ ಗ್ಯಾನದಾಗ ಇಲ್ರಿ ಅಣ್ಣಾ, ಗಾಡಿ ತಗೀರಿ" ಎಂದಳು ಸೊಸೆ, ನೋಡಲು ಹೋಗಿದ್ದ ನನಗೆ.

ನಿಪ್ಪಾಣಿಯ ಡಾಕ್ಟರು ಸ್ಕ್ಯಾನ್ ಮಾಡಿಸಿದರು, ಪರೀಕ್ಷೆಗೆಂದು ಬೆನ್ನಿನಿಂದ ನೀರು ತೆಗೆಸಿದರು. "ವೈರಸ್ ಹೊಕ್ಕು ಮೆದುಳಿಗೆ ಉರಿಯೂತ ಆಗೈತ್ರಿ. ಉಳದ್ರೂ ಮೊದಲಿನಂಗ ಆಗ್ತಾರಂತ ಈಗ ಹೇಳಾಕ ಬರೂದಿಲ್ಲ."

"ಒಳಗ ಏನ್ ನಡದೈತ್ರಿ?" ಎಂದು ಕೇಳಿದೆ.

"ಮೆದುಳಿನಾಗ ಕಾವಲು ಕಾಯೋ ಕೋಶ ಇರ್ತಾವ್ರಿ. ವೈರಿ ಬಂತಂದ್ರ ನೈಟ್ರಿಕ್ ಆಕ್ಸೈಡ್ ಅಂತ ಗ್ಯಾಸ್ ತಯಾರ್ ಮಾಡ್ತಾವ."

"ತಲಿಯೊಳಗ ಗ್ಯಾಸಾ?"

"ಹೌದ್ರಿ. ಅದು ವೈರಿನ ಹೊಡಿತೈತಿ. ಅತಿ ಆತಂದ್ರ ನಮ್ಮ ನರಕೋಶಾನೂ ಹೊಡಿತೈತಿ."

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದಿದೆ. ಓದಿದಷ್ಟೂ ಬೆರಗು. ಆರಾಮಿದ್ದಾಗ ಇದೇ ಗ್ಯಾಸು ಮೆದುಳಿನಲ್ಲಿ ಓಲೆಕಾರ! ಒಂದು ಕೋಶದಲ್ಲಿ ಹುಟ್ಟಿ, ಪಕ್ಕದ ಕೋಶದ ಗೋಡೆ ದಾಟಿ, ಸುದ್ದಿ ಮುಟ್ಟಿಸಿ, ಕ್ಷಣದಲ್ಲಿ ಮಾಯ. ರಕ್ತನಾಳ ಹಿಗ್ಗಿಸುವುದೂ ಅದೇ. ಕೂಡಿಡಲು ಒಂದು ಚೀಲವೂ ಇಲ್ಲ, ಬೇಕಾದಾಗ ಬೇಕಾದಷ್ಟೇ ತಯಾರಿ. ಉರಿಯೂತ ಬಂದಾಗ ಮಾತ್ರ ಕಾವಲುಗಾರರು ಅಳತೆ ಮರೆತು ಸುರಿಯುತ್ತಾರೆ.

ಮಾವಶಿ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವವಳು, ಕಾಣದ ಜೀವವೂ ಸಾಯಬಾರದೆಂದು. ಅಂಥವಳ ತಲೆಯಲ್ಲಿ, ಅವಳನ್ನು ಕೇಳದೆಯೇ, ಅವಳಿಗಾಗಿ ಎಂಥ ಯುದ್ಧ! ನನಗೆ ಕಣ್ಣು ತುಂಬಿ ಬಂತು.

ಔಷಧ ಹಿಡಿಯಿತು, ಊತ ಇಳಿಯಿತು. ಒಂದು ಮುಂಜಾನೆ ಮಾವಶಿ ನನ್ನ ಹೆಸರು ಹಿಡಿದು ಕರೆದಳು. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ತಡೆಯಲಾರದೆ ಗ್ಯಾಸಿನ ಪುರಾಣವನ್ನೆಲ್ಲ ಒದರಿದೆ. (ರೋಗಿಗೆ ಹೇಳುವ ಮಾತೇ ಇದು?)

ಮಾವಶಿ ಕಣ್ಣು ಮುಚ್ಚಿಕೊಂಡೇ ಕೇಳಿದಳು, ಕನ್ನಡದಲ್ಲೇ.

"ಹೊಡದಾಡಾಕ ಯಾರಿಗರೆ ಬರತೈತಿ. ಸಾಕು ಅಂತ ನಿಂದ್ರಿಸಿದವರು ಯಾರೋ ತಮ್ಮಾ?"